ಸೊಲ್ಲಾಪುರದಿಂದ ಬರಬೇಕಾದ ಸಹಿ: ಒಂದು ಆಪ್ತಸಲಹೆ ಪ್ರಕರಣ

ಇದನ್ನು ಬರೆಯಲು ಸಂಬಂಧಪಟ್ಟವರು ಒಪ್ಪಿದ್ದಾರೆ. ಗುರುತು ಹತ್ತಬಾರದೆಂದು ವಯಸ್ಸು, ಊರು, ಓಣಿ, ಹಣದ ಮೊತ್ತಗಳಲ್ಲಿ ಕೆಲವನ್ನು ಬದಲಿಸಿದ್ದೇನೆ.

ಆಪ್ತಸಲಹೆಗೆ ನನ್ನಲ್ಲಿಗೆ ಬಂದವರು ಹುಬ್ಬಳ್ಳಿಯ ಪ್ರೌಢಶಾಲೆಯೊಂದರ ಶಿಕ್ಷಕಿ, ವಯಸ್ಸು 41. ಮಕ್ಕಳೂ ಓಣಿಯವರೂ ಅಕ್ಕೋರು ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಪತಿ ದುರ್ಗದಬೈಲಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಹಳೇ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ. ಜೊತೆಗೆ ಅತ್ತೆ, ಒಂಬತ್ತನೇ ತರಗತಿಯ ಮಗಳು. 2025ರ ಮೇ ತಿಂಗಳಲ್ಲಿ ನವನಗರದ ಒಂದು ಹಳೆಯ ಮನೆಗೆ 48 ಲಕ್ಷಕ್ಕೆ ಮಾತಾಯಿತು. 6 ಲಕ್ಷ ಸಂಚಕಾರ (ಮುಂಗಡ) ಕೊಟ್ಟು ಕರಾರು ಬರೆಸಿದರು, ಸೆಪ್ಟೆಂಬರ್ ಕೊನೆಯೊಳಗೆ ಖರೀದಿ ಎಂದಾಯಿತು. ಬ್ಯಾಂಕಿನಲ್ಲಿ ಸಾಲವೂ ಮಂಜೂರಾಯಿತು. ಆಷಾಢದಲ್ಲಿ ಬೇಡ ಎಂದರು ಅತ್ತೆ. ಶ್ರಾವಣದಲ್ಲಿ ಕಾಗದ ಕೂಡಿಸಲು ಹೊರಟಾಗ ತೊಡಕು ಗೊತ್ತಾಯಿತು: ಮನೆ ಇನ್ನೂ ಮಾರುವವರ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದೆ. ತಾಯಿ ಮೊದಲೇ ಹೋಗಿದ್ದಾರೆ. ಕರಾರಿಗೆ ಸಹಿ ಹಾಕಿದವರು ಇಬ್ಬರು ಗಂಡುಮಕ್ಕಳು ಮಾತ್ರ. ಸೊಲ್ಲಾಪುರಕ್ಕೆ ಕೊಟ್ಟ ಒಬ್ಬ ಮಗಳಿದ್ದಾಳೆ, ಅವಳ ಸಹಿ ಇಲ್ಲ. ಸಿಟಿ ಸರ್ವೇ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಮೂವರ ಹೆಸರೂ ವಾರಸಾ (ವಾರಸುದಾರರೆಂದು) ಏರಬೇಕು, ಪಾಲಿಕೆಯ ಇ-ಖಾತಾ (ಡಿಜಿಟಲ್ ಖಾತೆ) ಆಗಬೇಕು, ಆಮೇಲೆ ಸಬ್ ರಜಿಸ್ಟ್ರಾರ್ ಆಫೀಸು. ಈ ನಡುವೆ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಈ ಮನೆಗೆ ಅದು 48,000 ರೂಪಾಯಿ ಹೆಚ್ಚಿನ ಖರ್ಚು. ಅಕ್ಕೋರು ನನ್ನಲ್ಲಿಗೆ ಬಂದದ್ದು ಆ ಸುದ್ದಿಯ ಬೆನ್ನಲ್ಲೇ.

"ನಿದ್ದಿನ ಬರ್ವಲ್ದು ಮೇಡಂ. ಕಣ್ಣ ಮುಚ್ಚಿದ್ರ ಆ ಮನಿ ಪಡಸಾಲಿ ಕಾಣ್ತೈತಿ. ಕಣ್ಣ ತೆಗದ್ರ ಆರು ಲಕ್ಷ ಕಾಣ್ತೈತಿ."

ಬೆಳಗಿನ ಮೂರಕ್ಕೆ ಎಚ್ಚರಾಗುತ್ತಿತ್ತು. ಎದ್ದ ಕೂಡಲೇ ಫೋನು, ಏಜೆಂಟನಿಂದ ಏನಾದರೂ ಬಂದಿದೆಯೇ ಎಂದು. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗುವ ಬದಲು ಚಿಗರಿ ಬಸ್ ಹತ್ತಿ ಉಣಕಲ್ ದಾಟಿ ನವನಗರದಲ್ಲಿ ಇಳಿದು, ಆ ಮನೆಯ ಮುಂದೆ ಒಮ್ಮೆ ಹಾದು ತಿರುಗಿ ಬರುತ್ತಿದ್ದರು. ಬೇರೆ ಯಾರಾದರೂ ನೋಡಲು ಬಂದಿದ್ದಾರೆಯೇ, ಗೇಟಿಗೆ ಹೊಸ ಕೀಲಿ ಬಿದ್ದಿದೆಯೇ ಎಂದು ನೋಡುವುದು. ಏನೂ ಬದಲಾಗಿಲ್ಲ ಎಂದು ಕಂಡ ಮೇಲೆ ಒಂದು ತಾಸು ಸಮಾಧಾನ, ರಾತ್ರಿಗೆ ಮತ್ತೆ ಅದೇ ಸಂಕಟ.

ರಕ್ತದೊತ್ತಡ, ಥೈರಾಯ್ಡ್ ತಪಾಸಣೆ ಮಾಡಿಸಿಕೊಂಡು ಬರಲು ಹೇಳಿದೆ. ಜೀವ ಬೇಡವಾಗುವಂಥ ವಿಚಾರ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಎರಡರಲ್ಲೂ ಗಾಬರಿಪಡುವಂಥದ್ದು ಇರಲಿಲ್ಲ.

ನನಗೆ ಕಳವಳ ತಂದದ್ದು ಬೇರೆ. ಅವರ ಬಾಡಿಗೆ ಮನೆಯಲ್ಲಿ ಮೇ ತಿಂಗಳಿಂದ ಬದುಕೇ ನಿಂತುಬಿಟ್ಟಿತ್ತು. ಒಳ್ಳೆಯ ಪಾತ್ರೆಗಳೆಲ್ಲ ಗೋಣಿಚೀಲದಲ್ಲಿ ಕಟ್ಟಿಟ್ಟಿವೆ. ಮಗಳು ಓದುವ ಮೇಜು ಕೇಳಿದರೆ "ಅಲ್ಲಿ ಹೋದ ಮ್ಯಾಲೆ". ಅತ್ತೆಯ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಕೂಡ "ಅಲ್ಲಿ ಹೋದ ಮ್ಯಾಲೆ". ಎಪ್ಪತ್ತು ದಾಟಿದ ಹೆಣ್ಣುಮಗಳು ಅಡುಗೆಮನೆಯ ಹೊಸ್ತಿಲು ಕಾಣದೆ ಎಡವುತ್ತಿದ್ದಾರೆ, ಕಾರಣ ಸೊಲ್ಲಾಪುರದಿಂದ ಒಂದು ಸಹಿ ಬಂದಿಲ್ಲ! ಇದನ್ನು ಹೀಗೇ ಬಿಡಿಸಿ ಹೇಳಿದಾಗ ಅಕ್ಕೋರಿಗೇ ಅಳು ಬಂತು.

ಆದ್ದರಿಂದ ಮೊದಲ ಸಲಹೆ ಮನಸ್ಸಿಗೆ ಸಂಬಂಧಿಸಿದ್ದೇ ಆಗಿರಲಿಲ್ಲ. ಅತ್ತೆಯ ಕಣ್ಣಿನ ಆಸ್ಪತ್ರೆಗೆ ಈ ವಾರವೇ ಹೋಗಿ. ಗೋಣಿಚೀಲ ಬಿಚ್ಚಿ ದಿನಾ ಬೇಕಾಗುವ ಪಾತ್ರೆ ಹೊರಗೆ ತೆಗೆಯಿರಿ. ಬಾಡಿಗೆ ಮನೆಯ ಮಾಲೀಕರಿಗೆ ಮಾರ್ಚ್‌ವರೆಗೆ ಇರುತ್ತೇವೆಂದು ಹೇಳಿ, ನಡುವೆ ಖರೀದಿಯಾದರೆ ತಿಂಗಳು ಮೊದಲು ತಿಳಿಸಿದರಾಯಿತು. ಪಾತ್ರೆ ಬಿಚ್ಚಿದರೆ ಮನೆ ಕೈತಪ್ಪುತ್ತದೇನೋ ಎಂಬ ಅಂಜಿಕೆ ಅವರಿಗಿತ್ತು. ಬಿಚ್ಚಿ ನೋಡೋಣ, ಅಂಜಿಕೆ ಎಷ್ಟು ದಿನ ಇರುತ್ತದೆಂದು ಗಮನಿಸಿ ಬಂದು ಹೇಳಿ ಎಂದೆ. ಒಂದು ವಾರವೂ ಇರಲಿಲ್ಲ.

ಪತಿಯನ್ನೂ ಕರೆದುಕೊಂಡು ಬರಲು ಹೇಳಿದ್ದೆ. ಅವರು ಬಂದಾಗ ಹೊಸದೊಂದು ವಿಷಯ ಹೊರಬಿತ್ತು. ಮಾರುವವರ ಪೈಕಿ ಕಿರಿಯ ತಮ್ಮ ಒಂದು ದಾರಿ ಹೇಳಿದ್ದನಂತೆ: ಇನ್ನೂ ಎರಡು ಲಕ್ಷ ಕೈಯಾಗ ಕೊಡ್ರಿ, ಈಗಲೇ ಕೀಲಿಕೈ ತಗೋರಿ, ಅಕ್ಕನ ಸಹಿ ದೀಪಾವಳಿ ಹೊತ್ತಿಗೆ ತಂದರಾಯಿತು.

"ಎರಡ ಲಕ್ಷ ಹೋದ್ರ ಹೋಗ್ಲಿರಿ" ಎಂದರು ಪತಿ. "ನವರಾತ್ರ್ಯಾಗ ಹಾಲ ಉಕ್ಕಿಸಿಬಿಟ್ರ ಮುಗೀತಲ್ರಿ. ಬೀಗರಿಗೆಲ್ಲಾ ಹೇಳಿಬಿಟ್ಟೇವಿ. ಅಂಗಡಿಗೆ ಬಂದವ್ರೆಲ್ಲಾ ಮನಿ ಯಾವಾಗ ಅಂತಾರ. ಮಾರಿ ತೋರಿಸಾಕ ಆಗವಲ್ದು."

ಮನೆ ಕೊಳ್ಳುವವರು ಕಾಯುವ ಕಾಲದಲ್ಲಿ ನಾನು ಅತಿ ಹೆಚ್ಚು ಹೆದರುವುದು ಈ ಗಳಿಗೆಗೆ. ನಿದ್ದೆಗೆಟ್ಟ ಮನಸ್ಸಿಗೆ ಸಂಕಟ ಮುಗಿದರೆ ಸಾಕಾಗಿರುತ್ತದೆ. ಯಾವ ಕಾಗದಕ್ಕಾದರೂ ಸಹಿ ಹಾಕಲು, ರಸೀದಿ ಇಲ್ಲದೆ ದುಡ್ಡು ಕೊಡಲು ಅದು ತಯಾರು. ಸಂಕಟ ತಾಳಿಕೊಳ್ಳುವಂಥದ್ದು, ಒಂದು ದಿನ ಇಳಿಯುತ್ತದೆ. ಅದನ್ನು ಇವತ್ತೇ ಮುಗಿಸಲು ಹೋಗಿ ಮಾಡಿದ ವ್ಯವಹಾರ ಹತ್ತು ವರ್ಷ ಕೋರ್ಟಿಗೆ ಎಳೆಯಬಹುದು. ನಾನು ಅವರಿಬ್ಬರಿಗೂ ಕೊಟ್ಟ ಮುಖ್ಯ ಸಲಹೆ ಇದೇ: ನಿದ್ದೆ ಸರಿಯಾಗುವವರೆಗೆ ಈ ವ್ಯವಹಾರದಲ್ಲಿ ಒಂದು ರೂಪಾಯಿಯೂ ಕೈಯಿಂದ ಹೋಗಬಾರದು, ಒಂದು ಸಹಿಯೂ ಬೀಳಬಾರದು. ಆ ಕಿರಿಯ ತಮ್ಮ ಅವಸರಪಡಿಸಿದರೆ "ವಕೀಲರನ್ನ ಕೇಳಿ ಹೇಳ್ತೀವಿ" ಎಂಬ ಒಂದೇ ಉತ್ತರ.

ಕಾಯಿದೆ ನನ್ನ ಕೆಲಸವಲ್ಲ. ಮಾರುವವರಿಗೂ ಏಜೆಂಟನಿಗೂ ಸಂಬಂಧವಿಲ್ಲದ ಒಬ್ಬ ವಕೀಲರ ಬಳಿ ಕಳಿಸಿದೆ. ಅಲ್ಲಿ ಕೇಳಿ ಬಂದದ್ದನ್ನು ಇಬ್ಬರೂ ನನ್ನೆದುರು ತಮ್ಮ ಮಾತಿನಲ್ಲಿ ಹೇಳಬೇಕೆಂದೆ, ಅಂಜಿದ ಮನಸ್ಸು ಅರ್ಧ ಮಾತ್ರ ಕೇಳಿಸಿಕೊಂಡಿರುತ್ತದೆ. ಅವರು ಹೇಳಿದ್ದು ಇಷ್ಟು. 1882ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ ಕರಾರು ಒಂದರಿಂದಲೇ ಮನೆಯಲ್ಲಿ ಹಕ್ಕು ಹುಟ್ಟುವುದಿಲ್ಲ, ಕೀಲಿಕೈ ಕೈಗೆ ಬಂದರೂ ಮಾಲೀಕರಾಗುವುದಿಲ್ಲ. ತಂದೆ ತಾನೇ ಕಟ್ಟಿಸಿದ ಮನೆ, ಉಯಿಲು ಬರೆದಿಟ್ಟಿಲ್ಲ. ಹಾಗಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮಗಳಿಗೂ ಗಂಡುಮಕ್ಕಳಷ್ಟೇ ಪಾಲು. ಅವಳ ಸಹಿ ಇಲ್ಲದೆ ಕೊಂಡರೆ ಮೂರರಲ್ಲಿ ಒಂದು ಪಾಲು ಕೊಂಡಂತೆಯೇ ಆಗದು. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾಯಿದೆಯಲ್ಲೇ ತಡೆಯಿದೆ. ಇನ್ನು ಸೆಪ್ಟೆಂಬರ್ ಮುಗಿದರೆ ಆರು ಲಕ್ಷ ಮುಳುಗಿತು ಎಂಬ ಭಯ: ಕರಾರು ಜಾರಿಗೆ ಕೋರ್ಟಿಗೆ ಹೋಗಲು ಗೊತ್ತುಮಾಡಿದ ದಿನದಿಂದ ಮೂರು ವರ್ಷ ಅವಧಿಯಿರುತ್ತದೆ. ಆದರೂ ಸುಮ್ಮನೆ ಕೂಡದೆ ಅವಧಿಯನ್ನು ಬರಹದಲ್ಲಿ ಮುಂದಕ್ಕೆ ಹಾಕಿಸಿಕೊಳ್ಳಬೇಕು, ಅದಕ್ಕೆ ಮೂವರ ಸಹಿಯೂ ಬೇಕು.

ಮೂರು ವರ್ಷ ಎಂಬ ಮಾತು ಕೇಳಿದ ರಾತ್ರಿ ಅಕ್ಕೋರು ಬೆಳಗಿನವರೆಗೆ ಮಲಗಿದರಂತೆ. ನಾನು ಕಲಿಸಿದ ಉಸಿರಾಟಕ್ಕಿಂತ ವಕೀಲರ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು. ನಿಜವಾದ ತೊಡಕಿರುವವರಿಗೆ ಆಪ್ತಸಲಹೆಗಾರರು ಬರೀ ಸಮಾಧಾನ ಹೇಳಿ ಕಳಿಸಬಾರದು.

ಆದರೆ ಒಂದು ವಿಷಯದಲ್ಲಿ ವಕೀಲರ ಮಾತೂ ನಾಟಲಿಲ್ಲ. ಸೊಲ್ಲಾಪುರದ ಹೆಣ್ಣುಮಗಳ ಮೇಲೆ ಅಕ್ಕೋರಿಗೆ ಬೆಂಕಿಯಂಥ ಸಿಟ್ಟಿತ್ತು. ಅವಳನ್ನು ಇವರು ಕಂಡೂ ಇಲ್ಲ.

"ಕೊಟ್ಟ ಹೆಣ್ಣ ಅಕಿ. ಗಂಡನ ಮನ್ಯಾಗ ಉಂಡುಟ್ಟು ಚಲೋ ಅದಾಳ. ಅಣ್ಣತಮ್ಮರ ಮನಿ ಹಿಡದ ಕುಂತಾಳಲ್ರಿ!"

ಪಾಲು ಅವಳದೂ ಇದೆಯಲ್ಲ ಎಂದೆ.

"ನನಗಿರಲಿಲ್ಲೇನ್ರಿ ಪಾಲು? ನಾ ಸಹಿ ಮಾಡ್ಲಿಲ್ಲೇನು? ನಮ್ಮಪ್ಪನ ಮನಿ, ಎರಡ ಎಕರೆ ಹೊಲ, ಏನೂ ಕೇಳ್ಲಾರದ ಹಕ್ಕ ಬಿಟ್ಟಕೊಟ್ಟೆ. ಅಕಿಗೇನ್ ಧಾಡಿ?"

ಹೇಳಿದ ಮೇಲೆ ಬಹಳ ಹೊತ್ತು ಅವರು ಮಾತಾಡಲಿಲ್ಲ. ಪತಿ ಹೊರಗೆ ಹೋಗಿ ಕುಳಿತರು, ಹೋಗಲು ನಾನೇ ಸನ್ನೆ ಮಾಡಿದ್ದೆ. ಆಮೇಲೆ ನಿಧಾನಕ್ಕೆ ಬಂತು. ತವರು ಗದಗ ಜಿಲ್ಲೆಯ ಒಂದು ಹಳ್ಳಿ. ತಂದೆ ತೀರಿದ ವರ್ಷ ಪಂಚಮಿಗೆ ಕರೆದು, ಉಡಿ ತುಂಬಿ, ಇಳಕಲ್ ಸೀರೆ ಕೊಟ್ಟು, ಮರುದಿನ ತಾಲೂಕಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಂಡರಂತೆ. ಯಾರೂ ಜುಲುಮೆ ಮಾಡಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ತವರಿನ ಬಾಗಿಲು ಮುಚ್ಚಬಾರದು ಎಂದು ಇವರು ಬಾಯಿ ಬಿಡಲಿಲ್ಲ. ಈಗ ಬ್ಯಾಂಕಿನ ಸಾಲಕ್ಕೆ ಇಪ್ಪತ್ತು ವರ್ಷದ ಕಂತು ಕಟ್ಟಲು ಹೊರಟಾಗ ಆ ಸಹಿ ನೆನಪಾಗುತ್ತಿದೆ.

ನಮ್ಮ ಭಾಗದಲ್ಲಿ ಈ ಕತೆ ಎಷ್ಟು ಮನೆಯದಿದೆ ಎಂದರೆ ಇದನ್ನು ಕತೆ ಎಂದು ಯಾರೂ ಹೇಳುವುದೇ ಇಲ್ಲ. ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಜಾರಿಗೆ ತಂದಿತು, ದೇಶಕ್ಕೆಲ್ಲ ಅದು 2005ರಲ್ಲಿ ಬಂತು. ಕಾಯಿದೆ ಬಂದ ಮೇಲೂ ಉಡಿ ತುಂಬಿ ಸಹಿ ಪಡೆಯುವುದು ನಿಂತಿಲ್ಲ. ಸಹಿ ಮಾಡಿದವಳಿಗೆ ತಾನು ಕಳೆದುಕೊಂಡದ್ದಕ್ಕೆ ಅಳುವ ಹಕ್ಕು ಕೂಡ ಇಲ್ಲದಂತಾಗುತ್ತದೆ, ಖುಷಿಯಿಂದ ಕೊಟ್ಟಳು ಎಂದೇ ಎಲ್ಲರ ಲೆಕ್ಕ. ಅಕ್ಕೋರು ಕೇಳಲಾರದ್ದನ್ನು ಸೊಲ್ಲಾಪುರದವಳು ಕೇಳುತ್ತಿದ್ದಳು. ಸಿಟ್ಟು ಬಂದದ್ದು ಅದಕ್ಕೆ.

ತವರಿನ ಮೇಲೆ ದಾವೆ ಹೂಡಿ ಎಂದು ನಾನು ಹೇಳಲಿಲ್ಲ, ಆದದ್ದು ಆಯಿತು ಬಿಡಿ ಎಂದೂ ಹೇಳಲಿಲ್ಲ. ಆ ದಿನ ತಾಲೂಕು ಕಚೇರಿಯಲ್ಲಿ ಕೇಳಬೇಕೆನಿಸಿದ್ದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ, ಅಣ್ಣನಿಗೆ ಕಳಿಸಲಿಕ್ಕಲ್ಲ, ಇಲ್ಲಿ ಓದಲಿಕ್ಕೆ ಎಂದೆ. ಅವರು ತಂದದ್ದು ನಾಲ್ಕು ಪುಟ. ಓದಿದ ಮೇಲೆ ಕೇಳಿದೆ: ನೀವು ಕೊಳ್ಳುವ ಮನೆಯೂ ಇಂಥ ಒಂದು ಸಹಿಯ ಮೇಲೆ ನಿಲ್ಲಬೇಕೇ? ಬೇಡವೆಂದು ಅವರು ತಲೆ ಅಲ್ಲಾಡಿಸಿದರು. ಮುಂದಿನ ಸಲ ಬಂದಾಗ "ಸೊಲ್ಲಾಪುರದಾಕಿ" ಹೋಗಿ "ಸೊಲ್ಲಾಪುರದ ಅಕ್ಕಾರು" ಆಗಿತ್ತು.

ದಿನನಿತ್ಯದ ಸಂಕಟಕ್ಕೆ ಕೊಟ್ಟ ಸಲಹೆಗಳು ಸರಳವಾದವು. ಚಿಂತೆಗೆ ಒಂದು ಹೊತ್ತು ಗೊತ್ತುಮಾಡುವ ವಿಧಾನ 1980ರ ದಶಕದಿಂದ ಬಳಕೆಯಲ್ಲಿದೆ. ಸಂಜೆ ಆರರಿಂದ ಆರೂವರೆ, ಒಂದು ನೋಟಬುಕ್. ಮನೆಯ ಚಿಂತೆಯೆಲ್ಲ ಅಲ್ಲಿ. ಬೆಳಗಿನ ಮೂರಕ್ಕೆ ಬಂದರೆ ಒಂದು ಶಬ್ದ ಬರೆದಿಟ್ಟು, ಉಳಿದದ್ದು ಸಂಜೆಗೆ. ಬರೆದದ್ದರ ಪಕ್ಕದಲ್ಲಿ ಅದು ಯಾರ ಕೈಯಲ್ಲಿದೆ ಎಂದು ಗುರುತು ಹಾಕಬೇಕು: ನಮ್ಮ ಕೈ, ವಕೀಲರ ಕೈ, ಮಾರುವವರ ಕೈ, ಕಚೇರಿಯ ಕೈ. ಎರಡು ವಾರದ ಬರಹ ನೋಡಿದರೆ ಇವರ ಕೈಯಲ್ಲಿದ್ದದ್ದು ಸಾಲದ ಮಂಜೂರಾತಿ ಪತ್ರದ ಅವಧಿಯನ್ನು ಬ್ಯಾಂಕಿನಲ್ಲಿ ವಿಚಾರಿಸುವುದೊಂದೇ. ಅದನ್ನು ಮರುದಿನವೇ ಮುಗಿಸಿದರು.

ಏಜೆಂಟನ ಜೊತೆ ಮಾತು ಪತಿಯದು, ವಾರಕ್ಕೊಮ್ಮೆ, ಸೋಮವಾರ. ನವನಗರದ ಸಂಜೆಯ ಸುತ್ತು ಪೂರ್ತಿ ಬಂದ್, ಏಕೆಂದರೆ ನೋಡಿ ಬಂದಾಗ ಸಿಗುವ ಆ ಒಂದು ತಾಸಿನ ಸಮಾಧಾನವೇ ಮರುದಿನದ ಚಡಪಡಿಕೆಯನ್ನು ಬೆಳೆಸುತ್ತದೆ. "ಮನಿ ಏನಾತ್ರಿ" ಎನ್ನುವವರಿಗೆ ಗಂಡಹೆಂಡತಿ ಇಬ್ಬರದೂ ಒಂದೇ ಉತ್ತರ: "ಕಾಗದ ನಡದೈತ್ರಿ, ಆದಾಗ ನಾವ ಕರೀತೀವಿ." ಇದನ್ನು ನನ್ನೆದುರೇ ಹೇಳಿ ರೂಢಿ ಮಾಡಿದರು. ಪತಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಈ ವಾಕ್ಯವೇ.

ಖಾಲಿಯಾದ ಸಂಜೆಗೆ ಏನು? ಅಮೆರಿಕದ ಮನೋವಿಜ್ಞಾನಿ ಕೇಟ್ ಸ್ವೀನಿ, ವಕೀಲಿ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾಯುವವರನ್ನು ಅಧ್ಯಯನ ಮಾಡಿದ್ದಾರೆ. ಚಿಂತೆ ಅದುಮಲು ಮಾಡಿದ ಪ್ರಯತ್ನಗಳಿಂದ ಅವರಿಗೆ ಹೆಚ್ಚು ಪ್ರಯೋಜನವಾಗಲಿಲ್ಲ. ಮೈಮರೆತು ಮಾಡುವ ಕೆಲಸ ಕಾಯುವವರಿಗೆ ನೆರವಾಗುತ್ತದೆ ಎಂಬುದೂ ಅವರ ಅಧ್ಯಯನಗಳಲ್ಲಿ ಕಂಡಿದೆ. ಅಕ್ಕೋರಿಗೆ ತಾಯಿಯಿಂದ ಕಸೂತಿ ಬರುತ್ತಿತ್ತು, ಮದುವೆಯ ನಂತರ ಬಿಟ್ಟಿದ್ದರು. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎಳೆ ಎಣಿಸುತ್ತಲೇ ಹೋಗಬೇಕು, ಬಂದ ದಾರಿಯಲ್ಲೇ ತಿರುಗಿ ಬರಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರ ಸೊಟ್ಟ. ಮನಸ್ಸು ಬೇರೆಡೆ ಹೋಗಲು ಅಲ್ಲಿ ಜಾಗವಿಲ್ಲ. ಮಗಳೂ ಪಕ್ಕದಲ್ಲಿ ಕೂತು ಕಲಿಯತೊಡಗಿದಳು.

ಮನೆ ಸಿಗದೇ ಹೋದರೆ ಏನು ಎಂಬುದನ್ನೂ ಒಂದು ದಿನ ಕೂತು ಲೆಕ್ಕ ಹಾಕಿದೆವು. ಆರು ಲಕ್ಷ ವಾಪಸ್ ಬರುವ ಷರತ್ತು ಕರಾರಿನಲ್ಲಿತ್ತು. ತಡವಾಗಬಹುದು, ವಕೀಲರ ಖರ್ಚು ಬೀಳಬಹುದು, ಬೇರೆ ಮನೆ ಹುಡುಕಬೇಕಾಗಬಹುದು. ಸಂಬಳ ಇರುತ್ತದೆ, ಮಗಳ ಶಾಲೆ ಇರುತ್ತದೆ. ಅಂಕಿಯಲ್ಲಿ ಬರೆದಾಗ ಭಯಕ್ಕೊಂದು ಅಳತೆ ಸಿಕ್ಕಿತು.

ಅಕ್ಟೋಬರ್ ಹೊತ್ತಿಗೆ ವಕೀಲರ ಮೂಲಕ ಸೊಲ್ಲಾಪುರದ ಅಕ್ಕನ ಮಾತು ತಿಳಿಯಿತು. ಸಹಿಗೆ ಅವರದು ಅಡ್ಡಿಯೇ ಇರಲಿಲ್ಲ. ಮನೆ 48 ಲಕ್ಷಕ್ಕೆ ಹೋಗುತ್ತಿದೆ ಎಂದು ಅಣ್ಣತಮ್ಮಂದಿರು ಅವರಿಗೆ ಹೇಳಿಯೇ ಇರಲಿಲ್ಲ! ಸಂಚಕಾರದ ಆರು ಲಕ್ಷವನ್ನು ತಾವಿಬ್ಬರೇ ಹಂಚಿಕೊಂಡಿದ್ದರು. ಅದು ಅವರ ಪಾಲಿನಲ್ಲೇ ಕಳೆಯಲಿ, ತನ್ನ 16 ಲಕ್ಷ ತನ್ನ ಹೆಸರಿನ ಡಿಡಿಯಲ್ಲಿ ಬರಲಿ ಎಂಬುದು ಅಕ್ಕನ ಮಾತು. ಅಕ್ಕೋರು ಒಪ್ಪಿದರು. ಪತಿಗಿಂತ ಮೊದಲು ಇವರೇ ಒಪ್ಪಿದರು. ಮೂವರ ಸಹಿಯೊಂದಿಗೆ ಕರಾರಿನ ಅವಧಿ ಮುಂದೆ ಹೋಯಿತು.

ನಾವು ನಿಯಮಿತ ಭೇಟಿ ನಿಲ್ಲಿಸಿದಾಗ ವಾರಸಾ ಏರಿತ್ತು, ಇ-ಖಾತಾ ಬಾಕಿಯಿತ್ತು. ಅತ್ತೆಯ ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು. ನಿದ್ದೆ ಪೂರ್ತಿ ಅಲ್ಲದಿದ್ದರೂ ಹೆಚ್ಚಿನ ರಾತ್ರಿ ಬರುತ್ತಿತ್ತು. ಮತ್ತೆ ಎರಡು ವಾರ ಸತತವಾಗಿ ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಕಾಯದೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವೈದ್ಯರನ್ನು ಕಾಣಲು ಹೇಳಿದ್ದೇನೆ. ರಾತ್ರಿ ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಖರೀದಿಯಾಗಿ ಹಾಲು ಉಕ್ಕಿದ ಒಂದು ತಿಂಗಳಿಗೆ ಇಬ್ಬರೂ ಇನ್ನೊಮ್ಮೆ ಬರಬೇಕೆಂದು ಕೇಳಿಕೊಂಡಿದ್ದೇನೆ. ಕಾದದ್ದು ಕೈಗೆ ಬಂದ ಮೇಲೆ ಕೆಲವರಿಗೆ ಸುಸ್ತು, ಬೇಸರ ಕವಿಯುತ್ತದೆ, ಮೊದಲ ಕಂತು ಕಟ್ಟುವ ತಿಂಗಳು ಜಗಳವೂ ಏಳುತ್ತದೆ. ತವರಿನ ನಾಲ್ಕು ಪುಟಗಳ ಬಗ್ಗೆ ಆಗ ಮತ್ತೆ ಮಾತಾಡೋಣ ಎಂದು ಅಕ್ಕೋರು ತಾವಾಗಿಯೇ ಹೇಳಿ ಹೋಗಿದ್ದಾರೆ.