ದಪ್ಪ ಕುಶನ್ ಶೂ ತರಿಸಿದ್ದೇನೆ, ಇಟ್ಟುಕೊಳ್ಳಲೋ ವಾಪಸ್ ಕಳಿಸಲೋ?

ನೀವು ಬರೆದದ್ದರಿಂದ ನನಗೆ ತಿಳಿದಿದ್ದು ಇಷ್ಟು. ವಯಸ್ಸು ನಲವತ್ತು ದಾಟಿದೆ, ಕೆಲಸದ ಮೇಲೆ ಕಾರವಾರಕ್ಕೆ ಬಂದಿದ್ದೀರಿ, ಬೆಳಿಗ್ಗೆ ಬೀಚಿನಲ್ಲೂ ರಸ್ತೆಯಲ್ಲೂ ಓಡುತ್ತೀರಿ, ವಾರದ ಕೊನೆಗೆ ಶಿರಸಿ ಮನೆ. ಮೊಣಕಾಲು ನೋಯುತ್ತದೆಂದು ಆನ್‌ಲೈನಿನಲ್ಲಿ ದಪ್ಪ ಸೋಲಿನ ಶೂ ತರಿಸಿದ್ದೀರಿ. ಹಾಕಿಕೊಂಡರೆ ಮೆತ್ತಗೆ ಹಿತವಾಗಿದೆ, ಆದರೆ ನಿಂತಲ್ಲೇ ಸ್ವಲ್ಪ ಓಲಾಡಿದ ಹಾಗೆ ಆಗುತ್ತದೆ. ವಾಪಸ್ ಮಾಡಲು ಇನ್ನು ಕೆಲವೇ ದಿನ ಉಳಿದಿದೆ.

ಮೆತ್ತಗಿದೆ ಅಂತ ಇಟ್ಟುಕೊಳ್ಳಬೇಡಿ. ಓಲಾಡುತ್ತದೆ ಅಂತ ಹೆದರಿ ಇವತ್ತೇ ಕಳಿಸಲೂ ಬೇಡಿ. ನಿಮ್ಮ ಮೈಭಾರ ಪೂರ್ತಿ ಒಂದು ಕಾಲಿನ ಮೇಲೆ ಬಿದ್ದಾಗ ಹಿಮ್ಮಡಿ ನೇರ ನಿಲ್ಲುತ್ತದೋ, ಒಳಗಡೆಗೋ ಹೊರಗಡೆಗೋ ವಾಲುತ್ತದೋ, ಅದೊಂದನ್ನು ಸರಿಯಾಗಿ ನೋಡಿ. ಟೈಲ್ಸ್ ಹಾಕಿದ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಎಂಥ ದಪ್ಪ ಶೂ ಆದರೂ ಸುಖವೇ ಅನಿಸುತ್ತದೆ. ಆ ಸುಖ ನೋಡಿ ಹತ್ತು ಸಾವಿರ ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸೋಲಿಗೆ ಮಣ್ಣು ತಾಗಿದ ಮೇಲೆ ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಹಾಗಾಗಿ ಮೊದಲು ಮನೆಯೊಳಗೇ ನೋಡಿಕೊಳ್ಳಿ, ಅದೂ ಸಂಜೆ ಹೊತ್ತು. ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ, ನಮ್ಮ ಕರಾವಳಿಯ ಸೆಕೆಗೆ ಇನ್ನೂ ಸ್ವಲ್ಪ ಹೆಚ್ಚೇ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿ. ಎದ್ದು ನಿಂತಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಬಹಳ ಜನರಿಗೆ ಪಾದದಲ್ಲಿ ಉದ್ದದ ಬೆರಳು ಹೆಬ್ಬೆರಳಲ್ಲ, ಪಕ್ಕದ್ದು. ಯುಕೆ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಸುಮಾರು 8.5 ಮಿ.ಮೀ. ವ್ಯತ್ಯಾಸ, ಅರ್ಧ ಸೈಜ್ ಅಂದರೆ 4 ಮಿ.ಮೀ. ಚಿಲ್ಲರೆ. ಬಿಗಿ ಅನಿಸಿದರೆ ಬಹಳ ಸಲ ಆ ಅರ್ಧ ಸೈಜೇ ಸಾಕಾಗುತ್ತದೆ.

ಅಗಲವನ್ನೂ ನೋಡಿ. ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಕಿರುಬೆರಳ ಬುಡ ಅಂಚು ದಾಟಿ ಹೊರಗೆ ಚಾಚಿದರೆ ಆ ಶೂ ನಿಮ್ಮ ಪಾದಕ್ಕೆ ಸಪೂರ. ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮಂಥವರ ಪಾದದ ಮುಂಭಾಗ ಅಗಲವಾಗಿಯೇ ಇರುತ್ತದೆ. ಅದೇ ಮಾದರಿಯಲ್ಲಿ 2ಇ ಅಥವಾ 4ಇ ಅಂತ ಅಗಲದ ಆವೃತ್ತಿ ಸಿಗುತ್ತದೋ ವಿಚಾರಿಸಿ. ಅಗಲ ಸಾಲದ್ದಕ್ಕೆ ಉದ್ದದ ಸೈಜ್ ತಗೊಂಡರೆ ಹಿಮ್ಮಡಿ ಲೊಡಲೊಡ ಅನ್ನುತ್ತದೆ, ಆಗ ದಪ್ಪ ಸೋಲು ಇನ್ನಷ್ಟು ಓಲಾಡುತ್ತದೆ.

ಇನ್ನು ಮುಖ್ಯವಾದದ್ದು. ಮನೆಯವರ ಕೈಗೆ ಮೊಬೈಲ್ ಕೊಟ್ಟು, ನೆಲದ ಮಟ್ಟಕ್ಕೆ ಇಳಿಸಿ, ಹಿಂದಿನಿಂದ ವಿಡಿಯೋ ತೆಗೆಯಲು ಹೇಳಿ. ನೀವು ಒಂಟಿ ಕಾಲಲ್ಲಿ ನಿಂತು ಮೊಣಕಾಲನ್ನು ನಿಧಾನ ಸ್ವಲ್ಪ ಬಗ್ಗಿಸಿ, ಮತ್ತೆ ಎದ್ದು ನಿಲ್ಲಿ. ಎರಡೂ ಕಾಲಿಗೆ ಮಾಡಿ. ನನಗೆ ಹೀಗೆ ತೆಗೆದುಕೊಟ್ಟವಳು ಮಗಳು. ಮೊದಲು ತರಿಸಿದ ಶೂನಲ್ಲಿ ಬಲಗಾಲಿನ ಹಿಮ್ಮಡಿಯ ಒಳಬದಿಯ ಫೋಮಿನಲ್ಲಿ ಅಡ್ಡ ನೆರಿಗೆಗಳು ಎದ್ದವು, ಹೊರಬದಿ ಮಾತ್ರ ನುಣ್ಣಗೆ ಬಿಗಿದುಕೊಂಡೇ ಇತ್ತು. ಹಿಂದೆ ಮೇಲಿಂದ ಕೆಳಗೆ ಇಳಿಯುವ ಹೊಲಿಗೆಯ ಗೆರೆ ನೆಟ್ಟಗಿರುವ ಬದಲು ಒಳಕ್ಕೆ ಬಾಗಿತ್ತು. ಎಡಗಾಲಿನಲ್ಲಿ ಹಾಗೇನೂ ಇಲ್ಲ. ಅದನ್ನು ಕಳಿಸಿ, ಅಷ್ಟೇ ದಪ್ಪದ, ಆದರೆ ತಳ ಅಗಲವಾಗಿರುವ ಇನ್ನೊಂದನ್ನು ತರಿಸಿದೆ. ಅದರಲ್ಲಿ ಎರಡೂ ಬದಿಯ ನೆರಿಗೆ ಸಮ ಬಂತು, ಗೆರೆ ನೆಟ್ಟಗೆ ನಿಂತಿತು. ಈಗ ಹಾಕುತ್ತಿರುವುದು ಅದನ್ನೇ. ಎರಡನ್ನೂ ಕೈಯಲ್ಲಿ ಹಿಡಿದು ಒತ್ತಿ ನೋಡಿದ್ದರೆ ಮೊದಲನೆಯದೇ ಒಳ್ಳೆಯದು ಅನಿಸುತ್ತಿತ್ತು, ಅಷ್ಟು ಮೆತ್ತಗಿತ್ತು.

ಎತ್ತರ ಹೆಚ್ಚಿದಷ್ಟೂ ಪಾದ ಮಗುಚುವ ಸಾಧ್ಯತೆ ಹೆಚ್ಚುತ್ತದೆ, ಅದನ್ನು ತಡೆಯುವುದು ತಳದ ಅಗಲ. ಚೆನ್ನಾಗಿ ಮಾಡಿದ ದಪ್ಪ ಶೂನಲ್ಲಿ ಪಾದ ಫೋಮಿನ ಮೇಲೆ ಕೂರುವುದಿಲ್ಲ, ಒಳಗೆ ಇಳಿದು ಕೂರುತ್ತದೆ, ಪಕ್ಕದ ಅಂಚು ಮೇಲೆದ್ದು ಹಿಮ್ಮಡಿಯನ್ನು ಹಿಡಿದುಕೊಂಡಿರುತ್ತದೆ. ನೀವು ಹೇಳುವ ಓಲಾಟ ಲೇಸ್ ಸಡಿಲಾಗಿದ್ದರೂ ಬರಬಹುದು. ಮೇಲ್ತುದಿಯಲ್ಲಿ ಹೆಚ್ಚುವರಿ ಒಂದು ತೂತು ಇರುತ್ತದಲ್ಲ, ಲೇಸನ್ನು ಅದೇ ಬದಿಯಲ್ಲಿ ಅದರೊಳಗೆ ತೂರಿಸಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯಲ್ಲಿ ಹಾಯಿಸಿ ಎಳೆದು ಕಟ್ಟಿ. ಹಿಮ್ಮಡಿ ಕಚ್ಚಿಕೊಳ್ಳುತ್ತದೆ. ಇಷ್ಟು ಮಾಡಿದ ಮೇಲೂ ವಿಡಿಯೋದಲ್ಲಿ ಗೆರೆ ವಾಲಿದ್ದು ಕಂಡರೆ ಯೋಚನೆ ಮಾಡದೆ ವಾಪಸ್ ಕಳಿಸಿ.

ಡ್ರಾಪ್ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ಹಿಮ್ಮಡಿಯ ಕೆಳಗಿನ ಎತ್ತರಕ್ಕೂ ಬೆರಳ ಬುಡದ ಕೆಳಗಿನ ಎತ್ತರಕ್ಕೂ ಇರುವ ಅಂತರ ಅದು. ಹಳೆಯ ಮಾದರಿಯ ಓಟದ ಶೂಗಳಲ್ಲಿ 10ರಿಂದ 12 ಮಿ.ಮೀ., ದಪ್ಪ ಸೋಲಿನ ಕೆಲವದರಲ್ಲಿ 4-5 ಮಿ.ಮೀ. ಮಾತ್ರ. ಡ್ರಾಪ್ ಕಡಿಮೆಯಾದರೆ ಭಾರ ಮೀನಖಂಡದ ಕಡೆಗೆ, ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜುವಿನ ಕಡೆಗೆ ಸರಿಯುತ್ತದೆ. ಹೆಚ್ಚಾದರೆ ಮೊಣಕಾಲಿನ ಪಾಲು ಸ್ವಲ್ಪ ಏರುತ್ತದೆ. ಇಷ್ಟು ದಿನ 10ರಲ್ಲಿ ಓಡಿ ಒಮ್ಮೆಲೇ 4ಕ್ಕೆ ಇಳಿದರೆ ಮೊಣಕಾಲು ಹಗುರಾದರೂ ಮೀನಖಂಡ ಕಲ್ಲಾಗುತ್ತದೆ. ಹಾಗಾಗಿ ಹಳೆ ಶೂ ಎಸೆಯಬೇಡಿ. ಒಂದು ದಿನ ಅದು, ಒಂದು ದಿನ ಇದು ಅಂತ ಕೆಲವು ವಾರ ಬದಲಿಸಿ ಹಾಕಿ, ಹೊಸದರಲ್ಲಿ ಮೊದಮೊದಲು ಕಡಿಮೆ ದೂರ ಓಡಿ.

ಕುಶನ್ ಜಾಸ್ತಿ ಇದ್ದರೆ ಕಾಲಿಗೆ ಏಟು ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟು ಸರಳ ಇಲ್ಲ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. 2018ರಲ್ಲಿ ಪ್ರಕಟವಾದ ಫಿನ್ಲೆಂಡಿನ ಒಂದು ಅಧ್ಯಯನದಲ್ಲಿ ದಪ್ಪ ಕುಶನ್ ಶೂ ಮತ್ತು ಮಾಮೂಲಿ ಶೂ ಎರಡರಲ್ಲೂ ಓಡಿಸಿ ಅಳೆದರು. ಗಂಟೆಗೆ 10 ಕಿ.ಮೀ. ವೇಗದಲ್ಲಿ ನೆಲದಿಂದ ಬರುವ ಮೊದಲ ಏಟು ದಪ್ಪ ಶೂನಲ್ಲಿ ಸ್ವಲ್ಪ ಮಾತ್ರ ಹೆಚ್ಚಿತ್ತು. 14.5 ಕಿ.ಮೀ. ವೇಗದಲ್ಲಿ ದಪ್ಪ ಶೂನಲ್ಲಿ ಏಟು ಇನ್ನಷ್ಟು ಹೆಚ್ಚು ಬಂತು. ಕೆಳಗೆ ಮೆತ್ತಗಿದ್ದಾಗ ಓಡುವವರ ಕಾಲು ತನ್ನಷ್ಟಕ್ಕೆ ಬಿಗಿಯಾಗಿಬಿಡುತ್ತದೆ ಎಂಬುದು ಅವರು ಕೊಟ್ಟ ಕಾರಣ. 2020ರಲ್ಲಿ ಲಕ್ಸೆಂಬರ್ಗಿನವರು ನೋಡಲು ಒಂದೇ ತೆರನಾದ ಎರಡು ಬಗೆಯ ಶೂ, ಒಂದು ಗಡಸು, ಒಂದು ಮೆದು, 800ಕ್ಕೂ ಹೆಚ್ಚು ಓಟಗಾರರಿಗೆ ಕೊಟ್ಟು ಆರು ತಿಂಗಳು ಗಮನಿಸಿದರು. ಗಡಸು ಶೂ ಹಾಕಿದವರಿಗೆ ಗಾಯದ ಅಪಾಯ ಸುಮಾರು ಒಂದೂವರೆ ಪಟ್ಟು. ಆದರೆ ಮೆದು ಶೂನ ಲಾಭ ಸ್ಪಷ್ಟವಾಗಿ ಕಂಡಿದ್ದು ಹಗುರ ಮೈಯವರಲ್ಲಿ, ಭಾರದ ಮೈಯವರಲ್ಲಿ ಅಂತರ ಕಾಣಲಿಲ್ಲ. ತೂಕ ಜಾಸ್ತಿ ಇದ್ದವರಿಗೇ ಮೆತ್ತನೆಯದು ಬೇಕು ಎಂದು ಅಂಗಡಿಯಲ್ಲಿ ಹೇಳುವುದನ್ನು ಅಷ್ಟು ನಂಬಬೇಡಿ ಅನ್ನುವುದು ಇದಕ್ಕೇ. ಒಟ್ಟಿನಲ್ಲಿ ಕುಶನ್ ಒಳ್ಳೆಯದೇ, ನಿಧಾನ ಓಡುವ ನಿಮಗೂ ನನಗೂ ಒಳ್ಳೆಯದೇ, ಆದರೆ ಮೊಣಕಾಲು ನೋವಿಗೆ ಅದೇ ಔಷಧ ಅಂದುಕೊಳ್ಳಬಾರದು. ಮೊಣಕಾಲು ಊದಿದರೆ, ಸಿಕ್ಕಿಹಾಕಿಕೊಂಡಂತೆ ಆದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಶೂ ವಿಚಾರ ಬದಿಗಿಟ್ಟು ಮೂಳೆ ಡಾಕ್ಟರರಿಗೆ ತೋರಿಸಿ.

ಈಗ ನೆಲದ ವಿಷಯ. ಊರೊಳಗಿನ ಡಾಂಬರು, ಕಾಂಕ್ರೀಟು ರಸ್ತೆಗೆ ಈ ಶೂ ಹೇಳಿ ಮಾಡಿಸಿದ್ದು. ಕಾಜುಬಾಗದಿಂದ ಕೋಡಿಬಾಗದ ಕಡೆ ಬೆಳಗಿನ ಜಾವ ಹೋಗಿ ಬನ್ನಿ, ಅರ್ಧ ಗಂಟೆ ಆದಮೇಲೆ ಕಾಲಿಗೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಓಡುವ ಆಸೆ ಇದ್ದರೆ ಬೇಡ ಎನ್ನುತ್ತೇನೆ. 2024ರ ಆಗಸ್ಟಿನಲ್ಲಿ ಹಳೆ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳನ್ನು ಹೊಸದರ ಮೇಲೇ ಬಿಟ್ಟರು, ಲಾರಿಗಳ ಪಕ್ಕ ಓಡುವ ಜಾಗ ಅದಲ್ಲ.

ಬೀಚಿಗೆ ಈ ಶೂ ಬೇಡ. ಟಾಗೋರ್ ಬೀಚಿನ ಮೇಲ್ಭಾಗದ ಸಡಿಲ ಮರಳಿನಲ್ಲಿ ನೆಲವೇ ಕುಸಿಯುತ್ತದೆ, ಫೋಮಿಗೆ ಅಲ್ಲಿ ಕೆಲಸವೇ ಇಲ್ಲ, ಎತ್ತರದ ಸೋಲು ಮಾತ್ರ ಮಗುಚಲು ನೋಡುತ್ತದೆ. ಶೂ ಮೇಲಿನ ಜಾಲಿ ಬಟ್ಟೆಯೊಳಗೆ ಸಣ್ಣ ಮರಳು ಹೊಕ್ಕರೆ ಬೆರಳ ಸಂದಿ ಉಜ್ಜಿ ಗುಳ್ಳೆ ಏಳುತ್ತದೆ. ಬೀಚಿನಲ್ಲೇ ಓಡಬೇಕೆಂದಿದ್ದರೆ ಇಳಿತದ ಹೊತ್ತು ನೋಡಿ, ನೀರು ಹಿಂದೆ ಸರಿದ ಗಟ್ಟಿ ಒದ್ದೆ ಮರಳಿನ ಮೇಲೆ ಹಳೆ ತೆಳು ಶೂ ಹಾಕಿ ಓಡಿ. ಭರತ, ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ, ಹಾಗಾಗಿ ಈ ವಾರದ ಸಮಯ ಮುಂದಿನ ವಾರಕ್ಕೆ ಆಗುವುದಿಲ್ಲ. ದಡ ನೀರಿನ ಕಡೆ ಇಳಿಜಾರು, ಒಂದು ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ. ಎಷ್ಟು ದೂರ ಹೋದಿರೋ ಅದೇ ಸಾಲಿನಲ್ಲಿ ವಾಪಸ್ ಬನ್ನಿ, ಸಮ ಆಗುತ್ತದೆ.

ಮಳೆಗಾಲ ಹಿಡಿಯುವ ಮುಂಚೆ ಸಮುದ್ರ ಕಪ್ಪು ಡಾಂಬರಿನ ಉಂಡೆಗಳನ್ನು ದಡಕ್ಕೆ ತಂದು ಹಾಕುವುದುಂಟು. ಸೋಲಿಗೆ ಅಂಟಿದರೆ ಪೆಟ್ರೋಲು, ಥಿನ್ನರು ಮುಟ್ಟಿಸಬೇಡಿ ಮಾರಾಯ್ರೆ, ಫೋಮೂ ಅಂಟೂ ಎರಡೂ ಹಾಳು. ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪಿನ ನೀರಿನಲ್ಲಿ ಜಿಡ್ಡು ತೆಗೆಯಿರಿ.

ಶಿರಸಿ ಮನೆಗೆ ಹೋದಾಗಲೂ ತೋಟದ ದಾರಿಗೆ ಇದನ್ನು ಹಾಕಬೇಡಿ. ದರಕಿನ, ಅಂದರೆ ಉದುರಿದ ಒಣ ಎಲೆಗಳ ಕೆಳಗೆ ಬೇರು, ಕಲ್ಲು ಏನಿದೆ ಎಂದು ಕಾಣುವುದಿಲ್ಲ, ದಪ್ಪ ಫೋಮಿನಲ್ಲಿ ಪಾದಕ್ಕೂ ಗೊತ್ತಾಗುವುದಿಲ್ಲ, ಪಾದದ ಗಂಟು ಉಳುಕುವುದು ಹೀಗೇ. ಪಾಚಿ ಹಿಡಿದ ಚೀರೆಕಲ್ಲಿನ ಮೆಟ್ಟಿಲಿನ ಮೇಲಂತೂ ರಬ್ಬರ್ ಇಲ್ಲದ ಬರೀ ಫೋಮ್ ತಳ ಜಾರಿಬಿಡುತ್ತದೆ. ಶೂ ತಿರುಗಿಸಿ ನೋಡಿ, ಹಿಮ್ಮಡಿಗೂ ಮುಂಗಾಲಿಗೂ ಗಡಸು ರಬ್ಬರಿನ ತುಂಡು ಅಂಟಿಸಿರಬೇಕು. ತೂಕ ಇಳಿಸಲು ಅದನ್ನು ಬಿಟ್ಟ ಮಾದರಿ ನಮ್ಮ ಮಳೆಯ ಊರಿಗೆ ಆಗದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂ ಒಣಗಿಸುವುದೇ ದೊಡ್ಡ ಕೆಲಸ. ಬಂದ ತಕ್ಷಣ ಇನ್‌ಸೋಲ್, ಲೇಸ್ ಬಿಚ್ಚಿ, ಒಳಗೆ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ, ಒಂದೆರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ಒಲೆಯ ಪಕ್ಕ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬೇಡ. ಈ ಫೋಮ್ ಬಹುಪಾಲು ಇವಿಎ ಎಂಬ ಪ್ಲಾಸ್ಟಿಕ್ಕಿನದು, ಶಾಖಕ್ಕೆ ಮೆದುವಾಗಿ ಆಕಾರ ಕೆಡುತ್ತದೆ, ಅಂಟೂ ಬಿಡುತ್ತದೆ. ಪಾಲಿಯುರಿಥೇನ್ ಸೋಲಿನ ಶೂ ಆಗಿದ್ದರೆ ಬೇರೆಯದೇ ತೊಂದರೆ. ಅದು ಗಾಳಿಯ ತೇವಕ್ಕೇ ನಿಧಾನ ಒಡೆಯುತ್ತದೆ. ಹಾಕದೆ ಡಬ್ಬಿಯಲ್ಲಿ ವರ್ಷಗಟ್ಟಲೆ ಜೋಪಾನ ಮಾಡಿಟ್ಟ ಶೂ ಒಂದು ದಿನ ರವೆ ಉಂಡೆಯ ಹಾಗೆ ಪುಡಿಪುಡಿ ಉದುರುವುದು ಈ ಕರಾವಳಿಯಲ್ಲಿ ಹೊಸದಲ್ಲ. ಹಳೆ ಸ್ಟಾಕು ಅಗ್ಗಕ್ಕೆ ಸಿಕ್ಕರೆ ಸೋಲು ಯಾವುದರದ್ದು ಎಂದು ಕೇಳಿಯೇ ತಗೊಳ್ಳಿ.

ಬಾಳಿಕೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಮೇಲಿನ ಬಟ್ಟೆ ಹೊಸದರಂತಿದ್ದರೂ ಒಳಗಿನ ಫೋಮಿನ ಗುಳ್ಳೆಗಳು ಸತ್ತಿರುತ್ತವೆ. ಶೂ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ವಾಲಿ ಕೂತರೆ, ಪಕ್ಕದ ನೆರಿಗೆ ಭಾರ ಇಲ್ಲದಾಗಲೂ ಹೋಗದಿದ್ದರೆ ಅದರ ಕೆಲಸ ಮುಗಿದಿದೆ.

ಇವತ್ತು ಸಂಜೆ ಆ ವಿಡಿಯೋ ತೆಗೆದು ನೋಡಿ. ನಿಮ್ಮ ಹಳೆ ಶೂನ ಡ್ರಾಪ್ ಎಷ್ಟು, ಹೊಸದರದ್ದು ಎಷ್ಟು, ಹಿಮ್ಮಡಿಯ ಗೆರೆ ಯಾವ ಕಡೆ ವಾಲಿದೆ, ಈ ಮೂರನ್ನು ಇಲ್ಲಿ ಬರೆಯಿರಿ. ವಾಪಸ್ಸಿನ ಅವಧಿ ಮುಗಿಯುವುದರೊಳಗೆ ಖಂಡಿತ ಉತ್ತರಿಸುತ್ತೇನೆ.