ಓದುಗರ ಪ್ರಶ್ನೆ: ಮೆಟ್ರೋ ಬಂತು, ಗರ್ದಿ ಯಾಕೆ ಹೋಗಲಿಲ್ಲ?

ಪ್ರಶ್ನೆ: ನಾನು ಮುಂಬೈ ಹೊರವಲಯದ ಡೊಂಬಿವಲಿಯವಳು. ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲು ಹಿಡಿದು ಅಂಧೇರಿಯ ಕೈಗಾರಿಕಾ ವಲಯ ಸೀಪ್ಜ್‌ಗೆ ಕೆಲಸಕ್ಕೆ ಹೋಗುತ್ತೇನೆ. ನೆಲದಡಿ ಮೆಟ್ರೋ ಬಂದರೆ ಗರ್ದಿ ಕರಗುತ್ತೆ ಅಂತ ವರ್ಷಗಟ್ಟಲೆ ಕೇಳಿದೆವು. ಲೇಡೀಸ್ ಡಬ್ಬದಲ್ಲಿ ಇವತ್ತೂ ಕಾಲೂರಲು ಜಾಗ ಇಲ್ಲ. ಯಾಕೆ?

ಉತ್ತರ: ಅಕ್ಕಾ, ಆ ಮೆಟ್ರೋ ನಿಮ್ಮ ಲೋಕಲ್ ಓಡುವ ದಾರಿಯಲ್ಲೇ ಇಲ್ಲ. ಆರೆಯಿಂದ ಕಫ್ ಪರೇಡ್‌ವರೆಗಿನ ಮೂರನೇ ಲೈನು 33.5 ಕಿಲೋಮೀಟರ್, 27 ನಿಲ್ದಾಣ, 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು. ಚೆನ್ನಾಗೇ ಇದೆ. ಆದರೆ ನಿಮ್ಮ ಗಾಡಿ ತುಂಬಿ ಬರೋದು ಬದ್ಲಾಪುರ, ಅಂಬರ್‌ನಾಥ, ಟಿಟವಾಳಾ ಕಡೆಯಿಂದ, ಅಲ್ವಾ? ಅಲ್ಲಿ ಲೋಕಲ್ ಬಿಟ್ಟರೆ ಗತಿಯಿಲ್ಲ. ನಿಮಗೆ ಮೆಟ್ರೋ ಸಿಗೋದು ಘಾಟ್ಕೋಪರ್‌ನಲ್ಲಿ ಇಳಿದ ಮೇಲೆ. ಸೇತುವೆ ಹತ್ತಿ, ಬ್ಯಾಗ್ ತಪಾಸಣೆಯ ಸಾಲಿನಲ್ಲಿ ನಿಂತು, ಒಂದನೇ ಲೈನಿನಲ್ಲಿ ಮರೋಳ್ ನಾಕಾಕ್ಕೆ ಹೋಗಿ, ಅಲ್ಲಿಂದ ಮತ್ತೆ ನೆಲದಡಿಗೆ ಇಳಿಯಬೇಕು. ಅಷ್ಟು ಹೊತ್ತಿಗೆ ಸೀರೆಯ ಇಸ್ತ್ರಿ ಹೋಗಿರುತ್ತೆ.

ಹಾಗಾದರೆ ಲೋಕಲ್ ಜಾಸ್ತಿ ಓಡಿಸಬಾರದಾ ಅಂದರೆ, ಹಳಿ ಎಲ್ಲಿದೆ? ದೂರದ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳೂ ಹಳಿಗಾಗಿ ಪೈಪೋಟಿಗೆ ಬರುತ್ತವೆ, ಒಂದು ತಡವಾದರೆ ಹಿಂದಿನ ಲೋಕಲ್‌ಗಳೆಲ್ಲ ಸಾಲಾಗಿ ನಿಲ್ಲುತ್ತವೆ. ದೂರದ ಗಾಡಿಗಳನ್ನು ಲೋಕಲ್‌ಗಳಿಂದ ಬೇರೆ ಮಾಡುವ ಐದು-ಆರನೇ ಹಳಿ ಥಾಣೆ-ದಿವಾ ಮಧ್ಯೆ 2022ರ ಫೆಬ್ರವರಿಯಲ್ಲಿ ಬಂತು, ಕುರ್ಲಾದಿಂದ ದಕ್ಷಿಣಕ್ಕೆ ಇನ್ನೂ ಆಗಿಲ್ಲ. ನನ್ನನ್ನು ಕೇಳಿದರೆ ಮೊದಲು ಇದು ಮುಗಿಯಬೇಕು, ಜೊತೆಗೆ 12 ಡಬ್ಬದ ಗಾಡಿಗಳು 15 ಡಬ್ಬದವಾಗಬೇಕು. ಅದೇ ಹಳಿ, ಅದೇ ಮೋಟರ್‌ಮನ್, ಜಾಗ ಮಾತ್ರ ಕಾಲು ಭಾಗ ಜಾಸ್ತಿ. ಸುಮ್ನೆ ಮೂರು ಡಬ್ಬ ಸಿಕ್ಕಿಸಿದರೆ ಆಗಲ್ಲ ನಿಜ, ಪ್ಲಾಟ್‌ಫಾರ್ಮ್ ಉದ್ದ ಮಾಡಬೇಕು, ಸಿಗ್ನಲ್ ಸರಿಸಬೇಕು, ರಾತ್ರಿ ಗಾಡಿ ನಿಲ್ಲಿಸುವ ಯಾರ್ಡೂ ಉದ್ದ ಬೇಕು. ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳುವಂಥ ಕೆಲಸ ಅಲ್ಲ, ಅದಕ್ಕೇ ನಿಧಾನ ಅಂತ ನನ್ನ ಅನುಮಾನ.

ಪ್ರಶ್ನೆ: ಲೋಕಲ್‌ಗೆ ಬಾಗಿಲು ಹಾಕಿಬಿಟ್ಟರೆ ಜನ ಬೀಳೋದು ನಿಲ್ಲುತ್ತೆ. ಇಷ್ಟು ಸರಳ ಕೆಲಸಕ್ಕೆ ಯಾಕೆ ತಡ? (ಬೊರಿವಲಿಯ ಓದುಗರು)

ಉತ್ತರ: 2025ರ ಜೂನ್ 9ರಂದು ಥಾಣೆ ಹತ್ತಿರದ ಮುಂಬ್ರಾದಲ್ಲಿ ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತ ಮೇಲೆ ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಎಸಿ ಇಲ್ಲದ ಡಬ್ಬದಲ್ಲಿ ಬಾಗಿಲು ಮುಚ್ಚಿದರೆ ಮೇ ತಿಂಗಳಲ್ಲಿ ಒಳಗಿನವರು ಉಸಿರಾಡೋದು ಹೇಗೆ? ಗಾಳಿ ಬರುವ ಬಾಗಿಲು, ಚಾವಣಿಯಲ್ಲಿ ಗಾಳಿ ಯಂತ್ರ, ಎರಡೂ ಬೇಕು. ಎಸಿ ಲೋಕಲ್ 2017ರ ಡಿಸೆಂಬರ್ 25ರಿಂದ ಓಡುತ್ತಿದೆ, ಆದರೆ ಅದರ ಪಾಸಿನ ದರ ಎಲ್ಲರ ಜೇಬಿಗೆ ಒಗ್ಗಲ್ಲ. ಇನ್ನೊಂದು ಕಷ್ಟ ದಾದರ್‌ನಂಥ ಕಡೆ: ಒಬ್ಬರ ಬ್ಯಾಗಿನ ಪಟ್ಟಿ ಸಿಕ್ಕಿಕೊಂಡರೂ ಬಾಗಿಲು ಮುಚ್ಚಲ್ಲ, ಗಾಡಿ ಹೊರಡಲ್ಲ, ಹಿಂದಿನದು ಕಾಯುತ್ತೆ. ಬಾಗಿಲು ಬೇಡ ಅಂತಲ್ಲ. ಗಾಡಿ ಹೆಚ್ಚಿಸದೆ ಬರೀ ಬಾಗಿಲು ಹಾಕಿದರೆ ಆ ಜನ ಪ್ಲಾಟ್‌ಫಾರ್ಮ್ ಮೇಲೆ ಉಳಿಯುತ್ತಾರೆ.

ಪ್ರಶ್ನೆ: ಮೂವರ ಸೀಟಿನ ಅಂಚಿನಲ್ಲಿ ನಾಲ್ಕನೆಯವರಾಗಿ ಕೂರೋದು, ಅಂದರೆ ಫೋರ್ತ್ ಸೀಟ್ ಕೇಳೋದು ಹಕ್ಕೋ, ಭಿಕ್ಷೆಯೋ? (ಥಾಣೆಯ ಓದುಗರು)

ಉತ್ತರ: ಕೂತವರು ಸರಿದರೆ ಹಕ್ಕು. ಸರಿಯದಿದ್ದರೆ ಥಾಣೆವರೆಗೂ ನಿಲ್ಲಿ, ಪಕ್ಕದಲ್ಲಿ ನಾನೂ ನಿಂತಿರುತ್ತೇನೆ.