46ಕ್ಕೆ ನರ್ಸಿಂಗ್ ಸೇರಲಾ ಎಂದು ಕೇಳಿದ ತಂಗಿಗೆ

‘ಮೈಸೂರಿನಲ್ಲಿ ಹದಿನೆಂಟು ವರ್ಷ ಪಾಠ ಹೇಳಿದವಳು ನಾನು, ನ್ಯೂಯಾರ್ಕಿಗೆ ಬಂದು 46ನೇ ವಯಸ್ಸಿನಲ್ಲಿ ನರ್ಸಿಂಗ್ ಕೋರ್ಸ್ ಸೇರಿದರೆ ಜನ ಏನಂದಾರು?’ ಎಂದು ಕೇಳಿದ್ದೀರಿ. ಸೇರಿ ತಂಗಿ. ನಾನಿಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್. ವಯಸ್ಸಿನ ಮಾತು ಬಂದಾಗಲೆಲ್ಲ ನನಗೆ ಅಮೆರಿಕದ ಹಾಡುಗಾರ್ತಿ ಆಲ್ಬರ್ಟಾ ಹಂಟರ್ ನೆನಪಾಗುತ್ತಾರೆ.

ಆಕೆ 1895ರಲ್ಲಿ ಮೆಂಫಿಸ್‌ನ ಕಪ್ಪು ಜನರ ಮನೆಯಲ್ಲಿ ಹುಟ್ಟಿದವರು. ಹಾಡಬೇಕು ಅಂತ ಚಿಕ್ಕವರಿದ್ದಾಗಲೇ ಷಿಕಾಗೋಗೆ ಹೊರಟುಬಂದರು. ಮೊದಲು ಸಿಕ್ಕಿದ್ದು ಆಲೂಗಡ್ಡೆ ಸುಲಿಯುವ ಕೆಲಸ. ಮುಂದೆ ಅಲ್ಲಿನ ಡ್ರೀಮ್‌ಲ್ಯಾಂಡ್ ಎಂಬ ಕ್ಲಬ್ಬಿನಲ್ಲಿ ಕಿಂಗ್ ಆಲಿವರ್ ಬ್ಯಾಂಡಿನ ಜೊತೆ ಜಾಝ್ ಹಾಡಿದರು. ವಾಡ್ವಿಲ್ ರಂಗಕ್ಕೂ ಹೋದರು. ಹಾಡು, ಕುಣಿತ, ಹಾಸ್ಯ ಎಲ್ಲ ಒಂದೇ ಸಂಜೆಗೆ ಸಿಗುವ ಆಟ ಅದು. ಪಿಯಾನೋ ನುಡಿಸುತ್ತಿದ್ದ ಲವಿ ಆಸ್ಟಿನ್ ಜೊತೆ ಸೇರಿ ಆಕೆ ಬರೆದ ‘ಡೌನ್‌ಹಾರ್ಟೆಡ್ ಬ್ಲೂಸ್’ ಎಂಬ ಹಾಡನ್ನು 1923ರಲ್ಲಿ ಗಾಯಕಿ ಬೆಸ್ಸಿ ಸ್ಮಿತ್ ಹಾಡಿದರು, ಗ್ರಾಮಾಫೋನ್ ತಟ್ಟೆಗಳು ಸಿಕ್ಕಾಪಟ್ಟೆ ಮಾರಾಟವಾದವು.

ನಮ್ಮ ಹಾಗೆ ಕಡಲನ್ನೂ ದಾಟಿದರು. 1927ರಲ್ಲಿ ಯೂರೋಪಿಗೆ ಹೋಗಿ, ಮರುವರ್ಷ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಗಾಯಕ-ನಟ ಪಾಲ್ ರೋಬ್ಸನ್ ಜೊತೆ ‘ಶೋ ಬೋಟ್’ ಎಂಬ ಸಂಗೀತ ನಾಟಕದಲ್ಲಿ ನಟಿಸಿದರು. ಬಣ್ಣದ ಕಾರಣಕ್ಕೆ ತನ್ನ ದೇಶದಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಕ್ಕಿತು.

ನನಗೆ ಜಾಸ್ತಿ ಇಷ್ಟ ಆಮೇಲಿನ ಕಥೆ. ತಾಯಿ ತೀರಿಕೊಂಡ ಮೇಲೆ ಹಾಡು ನಿಲ್ಲಿಸಿಬಿಟ್ಟರು. ಅರವತ್ತು ದಾಟಿತ್ತು. ವಯಸ್ಸನ್ನು ಹನ್ನೆರಡು ವರ್ಷ ಕಡಿಮೆ ಬರೆಸಿ ನರ್ಸಿಂಗ್ ಕಲಿತರು. (ಹಾಗೆ ನೀವು ಮಾಡಬೇಡಿ. ನಲವತ್ತು ದಾಟಿದವರನ್ನು ವಯಸ್ಸಿನ ನೆಪದಲ್ಲಿ ಕೆಲಸಕ್ಕೆ ಬೇಡ ಅನ್ನಬಾರದು ಎಂಬ ಕಾನೂನು ಇಲ್ಲಿ 1967ರಲ್ಲೇ ಬಂದಿದೆ.) ನಮ್ಮ ನ್ಯೂಯಾರ್ಕಿನ ರೂಸ್‌ವೆಲ್ಟ್ ದ್ವೀಪದ ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ 20 ವರ್ಷ ದುಡಿದರು. ತಾನು ಹೆಸರಾಂತ ಹಾಡುಗಾರ್ತಿ ಎಂದು ಅಲ್ಲಿ ಹೇಳಿಕೊಂಡು ತಿರುಗಲಿಲ್ಲ. 1977ರಲ್ಲಿ ಎಪ್ಪತ್ತಾಯಿತು ಅಂತ ನಿವೃತ್ತಿ ಕೊಟ್ಟರು. ನಿಜಕ್ಕೂ ಆಗಿದ್ದದ್ದು 82! ಅದೇ ವರ್ಷ ಗ್ರೀನಿಚ್ ವಿಲೇಜ್‌ನ ‘ಕುಕರಿ’ ಹೋಟೆಲಿನಲ್ಲಿ ಮತ್ತೆ ಹಾಡಲು ನಿಂತರು. 1984ರಲ್ಲಿ ತೀರಿಕೊಂಡರು, ಆ ವರ್ಷವೂ ಹಾಡಿದ್ದರು.

ಪಾಠ ಹೇಳಿದ ವರ್ಷಗಳೆಲ್ಲ ಸುಮ್ನೆ ಹೋಯಿತು ಅಂತ ಬರೆದಿದ್ದೀರಿ. ರಾತ್ರಿ ಪಾಳಿಯಲ್ಲಿ ಹೆದರಿ ಕೂತ ರೋಗಿಗೆ, ನಾಳೆಯ ಆಪರೇಷನ್ ಏನು ಎತ್ತ ಎಂದು ನಿಧಾನವಾಗಿ ಬಿಡಿಸಿ ಹೇಳಬೇಕಾಗುತ್ತದೆ. ಆಗ ನಿಮಗಿಂತ ಚೆನ್ನಾಗಿ ಹೇಳುವವರು ಯಾರಿದ್ದಾರೆ?

ಗೋಲ್ಡ್‌ವಾಟರ್ ಈಗಿಲ್ಲ, ಆ ಜಾಗದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ನೆಲ್ ಟೆಕ್ ಕ್ಯಾಂಪಸ್ ಇದೆ. 59ನೇ ಬೀದಿಯಿಂದ ನದಿಯ ಮೇಲೆ ತೂಗಿಕೊಂಡು ಹೋಗುವ ಟ್ರ್ಯಾಮ್ ಇದೆಯಲ್ವಾ, ಅದರಲ್ಲಿ ಹೋಗಬಹುದು. ಅರ್ಜಿ ಹಾಕಿದ ವಾರ ಫೋನ್ ಮಾಡಿ. ನಾನೇ ಕರೆದುಕೊಂಡು ಹೋಗುತ್ತೇನೆ.